ಹಳೆಯ ಸ್ಟೀರಿಯೋ ಕ್ಯಾಮೆರಾದ ಜೋಡಿ ಲೆನ್ಸು: ಗುರುತಿಸುವ, ಪರೀಕ್ಷಿಸುವ, ಕಾಪಾಡುವ ಬಗೆ

ಎಡಗಣ್ಣಿಗೊಂದು ಬಲಗಣ್ಣಿಗೊಂದು ಚಿತ್ರ ತೆಗೆದು ನೋಟಕ್ಕೆ ಆಳ ಕೊಡುವ ಹಳೆಯ ಸ್ಟೀರಿಯೋ ಕ್ಯಾಮೆರಾ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು, ಅದರಲ್ಲಿರುವುದು ಟೆಸ್ಸಾರೋ ಟ್ರಿಪ್ಲೆಟ್ಟೋ (ಇವು ಲೆನ್ಸಿನ ಎರಡು ವಿನ್ಯಾಸಗಳು) ಎಂದು. ನನ್ನ ಅನುಭವದಲ್ಲಿ ಅದು ಎರಡನೆಯದಾಗಿ ಕೇಳಬೇಕಾದ ಪ್ರಶ್ನೆ. ಎಡಗಣ್ಣಿನ ಲೆನ್ಸಿಗೂ ಬಲಗಣ್ಣಿನ ಲೆನ್ಸಿಗೂ ಹೊಂದಿಕೆ ಇದೆಯೇ ಎಂಬುದೇ ಮೊದಲನೆಯದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಈ ಕ್ಯಾಮೆರಾಗಳಿಗೆ ಅಕ್ಷರಶಃ ಸಲ್ಲುತ್ತದೆ. ಎರಡು ಲೆನ್ಸುಗಳೂ ಬಿಡಿಬಿಡಿಯಾಗಿ ಎಷ್ಟೇ ಉತ್ತಮವಾಗಿದ್ದರೂ, ಒಂದು ಕೊಡುವ ಚಿತ್ರ ಇನ್ನೊಂದು ಕೊಡುವುದಕ್ಕಿಂತ ತುಸು ದೊಡ್ಡದಾಗಿದ್ದರೆ ಅಥವಾ ತುಸು ಮೇಲಕ್ಕೆ ಸರಿದಿದ್ದರೆ, ನೋಡುವವರ ಕಣ್ಣುಗಳು ಆ ವ್ಯತ್ಯಾಸವನ್ನು ತುಂಬಲು ದುಡಿಯಬೇಕಾಗುತ್ತದೆ. ಹತ್ತು ಚಿತ್ರ ನೋಡುವಷ್ಟರಲ್ಲಿ ಹುಬ್ಬಿನ ನಡುವೆ ನೋವು ಶುರುವಾಗುತ್ತದೆ.

ನಾನು ಗಂಗಾವತಿಯಲ್ಲಿದ್ದುಕೊಂಡು ಇಂಥ ಕ್ಯಾಮೆರಾಗಳನ್ನು ಬಿಚ್ಚಿ, ಸ್ವಚ್ಛಗೊಳಿಸಿ, ಆನೆಗೊಂದಿಯ ಬಂಡೆಗಳ ನಡುವೆ ಬಳಸುತ್ತ ಬಂದಿದ್ದೇನೆ. ಕೊಪ್ಪಳ, ಬಳ್ಳಾರಿ, ರಾಯಚೂರಿನ ಬಿಸಿಲು, ಧೂಳು, ಕಾಲುವೆ ನೀರಾವರಿಯ ತೇವ ಇವೆಲ್ಲವೂ ಲೆನ್ಸಿನ ಮೇಲೆ ತಮ್ಮದೇ ಪರಿಣಾಮ ಬೀರುತ್ತವೆ. ಆದ್ದರಿಂದ ವಿನ್ಯಾಸದ ವಿವರಗಳನ್ನು ನಮ್ಮ ಹವೆಗೆ ಹೊಂದಿಸಿಯೇ ಹೇಳುತ್ತೇನೆ. ಗೊಂದಲವಾಗದಿರಲಿ ಎಂದು, ಒಂದು ಕಣ್ಣಿನ ಇಡೀ ಜೋಡಣೆಯನ್ನು ಲೆನ್ಸು ಎಂದೂ, ಅದರೊಳಗಿನ ಬಿಡಿ ಗಾಜುಗಳನ್ನು ಮಸೂರ ಎಂದೂ ಇಲ್ಲಿ ಕರೆಯುತ್ತೇನೆ.

ನಿಮ್ಮ ಕೈಗೆ ಬರಬಹುದಾದ ವಿನ್ಯಾಸಗಳು

ಹೊಂದಿಕೆಯ ಚಿಂತೆ ಈ ಕಲೆಯಷ್ಟೇ ಹಳೆಯದು. ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ, ಜೋಡಿ ಚಿತ್ರಗಳನ್ನು ಆಳವುಳ್ಳ ಒಂದೇ ನೋಟವಾಗಿ ತೋರಿಸುವ ಸ್ಟೀರಿಯೋಸ್ಕೋಪನ್ನು ವಿವರಿಸಿದ ಮೇಲೆ, ಜೋಡಿ ಲೆನ್ಸಿನ ಕ್ಯಾಮೆರಾದ ಬಗ್ಗೆ ಯೋಚಿಸಿದ ಡೇವಿಡ್ ಬ್ರೂಸ್ಟರ್, ಎರಡು ಲೆನ್ಸುಗಳನ್ನು ಒಂದೇ ಸಂಗಮ ದೂರಕ್ಕೆ (ಫೋಕಲ್ ಲೆಂಗ್ತ್; ಚಿತ್ರದ ಗಾತ್ರ ಇದನ್ನೇ ಅವಲಂಬಿಸಿದೆ) ಅರೆಯುವುದು ಕಷ್ಟವೆಂದು ಕಂಡು, ಒಂದೇ ಮಸೂರವನ್ನು ನಡುವೆ ಕತ್ತರಿಸಿ ಎರಡು ಹೋಳುಗಳನ್ನು ಅಕ್ಕಪಕ್ಕ ಕೂರಿಸುವ ಸಲಹೆ ಕೊಟ್ಟಿದ್ದರು. ಒಂದೇ ಗಾಜಿನ ಎರಡು ಹೋಳುಗಳಿಗೆ ಸಂಗಮ ದೂರ ಬೇರೆಯಾಗಲು ಸಾಧ್ಯವಿಲ್ಲ. ನಂತರ ಬಂದ ತಯಾರಕರು ಹೆಚ್ಚಾಗಿ ಪೂರ್ಣ ಮಸೂರಗಳನ್ನೇ ಬಳಸಿದರು. ಅಳೆದು, ಆರಿಸಿ, ಜೊತೆಗೂಡಿಸುವುದು ಅವರ ದಾರಿಯಾಯಿತು.

20ನೆಯ ಶತಮಾನದ ಸ್ಟೀರಿಯೋ ಕ್ಯಾಮೆರಾಗಳಲ್ಲಿ ಅತಿ ಹೆಚ್ಚು ಕಾಣಸಿಗುವುದು ಟ್ರಿಪ್ಲೆಟ್, ಅಂದರೆ ಮೂರು ಮಸೂರಗಳ ಲೆನ್ಸು. ಇಂಗ್ಲೆಂಡಿನ ಯಾರ್ಕ್ ನಗರದ ಕುಕ್ ಕಂಪನಿಯಲ್ಲಿದ್ದ ಡೆನ್ನಿಸ್ ಟೇಲರ್ 1893ರಲ್ಲಿ ಇದನ್ನು ರೂಪಿಸಿದರು. ಹೊರಗಿನ ಎರಡು ಪೀನ ಮಸೂರಗಳು ಕ್ರೌನ್ ಗಾಜಿನವು, ನಡುವಿನ ನಿಮ್ನ ಮಸೂರ ಫ್ಲಿಂಟ್ ಗಾಜಿನದು. ಮೂರರ ನಡುವೆಯೂ ಗಾಳಿಯ ತೆರಪು. ಅಂಟು ಎಲ್ಲಿಯೂ ಇಲ್ಲ. ಮಿಲ್ವಾಕಿಯ ಡೇವಿಡ್ ವೈಟ್ ಕಂಪನಿ 1947ರಲ್ಲಿ ಮಾರುಕಟ್ಟೆಗೆ ತಂದ ಸ್ಟೀರಿಯೋ ರಿಯಲಿಸ್ಟ್‌ನ 35 ಮಿ.ಮೀ. ಎಫ್ 3.5 (ಬೆಳಕಿನ ಕಿಂಡಿಯಾದ ಅಪರ್ಚರಿನ ಅಳತೆ; ಅಂಕಿ ಹೆಚ್ಚಿದಂತೆ ಕಿಂಡಿ ಕಿರಿದು) ಲೆನ್ಸು, 1954ರ ಕೊಡಾಕ್ ಸ್ಟೀರಿಯೋದ ಅನಾಸ್ಟನ್, ಜರ್ಮನಿಯಲ್ಲಿ ತಯಾರಾದ ವ್ಯೂಮಾಸ್ಟರ್ ಕಲರ್ ಕ್ಯಾಮೆರಾದ 20 ಮಿ.ಮೀ. ರೋಡೆನ್‌ಸ್ಟಾಕ್ ಟ್ರಿನಾರ್, ಲೆನಿನ್‌ಗ್ರಾಡಿನ ಸ್ಪುಟ್ನಿಕ್‌ನ 75 ಮಿ.ಮೀ. ಟಿ-22 ಎಲ್ಲವೂ ಈ ಕುಟುಂಬಕ್ಕೆ ಸೇರಿದವು.

ಎರಡನೆಯದು ಟೆಸ್ಸಾರ್. ಜೈಸ್ ಕಂಪನಿಯಲ್ಲಿದ್ದ ಪಾಲ್ ರುಡಾಲ್ಫ್ ಅವರ 1902ರ ವಿನ್ಯಾಸವಾದ ಇದರಲ್ಲಿ ಮಸೂರಗಳು ನಾಲ್ಕು, ಗುಂಪುಗಳು ಮೂರು. ಮುಂದೆ ಪೀನ, ಅದರ ಹಿಂದೆ ನಿಮ್ನ, ಬಳಿಕ ಅಪರ್ಚರ್, ಕೊನೆಗೆ ಒಂದಕ್ಕೊಂದು ಅಂಟಿಸಿದ ಎರಡು ಮಸೂರಗಳ ಜೋಡಿ. ಫ್ರಾಂಕೆ ಮತ್ತು ಹೈಡೆಕೆ ಕಂಪನಿಯ ರೋಲೈಡೋಸ್ಕೋಪ್, ಡ್ರೆಸ್ಡೆನ್ನಿನ ಬೆಲ್‌ಪ್ಲಾಸ್ಕಾಗಳಲ್ಲಿ ಟೆಸ್ಸಾರ್ ಇದೆ. ಖಾರ್ಕೋವ್‌ನಲ್ಲಿ 1980ರ ದಶಕದ ಕೊನೆಗೆ ಬಂದ ಫೆಡ್ ಸ್ಟೀರಿಯೋದ 38 ಮಿ.ಮೀ. ಇಂಡುಸ್ಟಾರ್-81 ಕೂಡ ಅದೇ ಮಾದರಿಯದು. ಇವುಗಳಿಗಿಂತ ಹಿಂದಿನ ಗಾಜಿನ ಫಲಕದ ಕ್ಯಾಮೆರಾಗಳಲ್ಲಿ 1866ರ ರೆಕ್ಟಿಲಿನಿಯರ್ ವಿನ್ಯಾಸ ಸಿಗಬಹುದು. ಅಪರ್ಚರ್‌ನ ಹಿಂದೊಂದು ಮುಂದೊಂದು, ಎರಡೆರಡು ಮಸೂರ ಅಂಟಿಸಿದ ಸಮಾನ ಗುಂಪುಗಳು ಅದರ ಗುರುತು.

ಟಾರ್ಚ್ ಹಿಡಿದು ಪ್ರತಿಬಿಂಬ ಎಣಿಸಿ

ಲೆನ್ಸಿನ ಮೇಲೆ ಕೆತ್ತಿದ ಹೆಸರನ್ನು ಓದಿ ನಂಬುವುದಕ್ಕಿಂತ, ಒಳಗೆ ಏನಿದೆ ಎಂದು ಬೆಳಕಿನಿಂದಲೇ ಕೇಳುವುದು ಲೇಸು. ಕತ್ತಲು ಕೋಣೆಯಲ್ಲಿ ಕುಳಿತು, ಶಟರನ್ನು ಬಿ ಸ್ಥಾನದಲ್ಲಿ (ಗುಂಡಿ ಒತ್ತಿರುವಷ್ಟು ಹೊತ್ತೂ ತೆರೆದಿರುವ ಸ್ಥಾನ) ತೆರೆದಿಟ್ಟು, ಅಪರ್ಚರನ್ನು ಪೂರ್ತಿ ಬಿಚ್ಚಿ, ಸಣ್ಣ ಟಾರ್ಚಿನ ಬೆಳಕನ್ನು ಮುಂದಿನಿಂದ ಓರೆಯಾಗಿ ಬೀರಬೇಕು. ಗಾಳಿ ಮತ್ತು ಗಾಜು ಸಂಧಿಸುವ ಒಂದೊಂದು ಮೈಯೂ ಒಂದೊಂದು ಪ್ರತಿಬಿಂಬ ಕೊಡುತ್ತದೆ. ಟಾರ್ಚನ್ನು ಮೆಲ್ಲಗೆ ಅಲುಗಾಡಿಸಿದರೆ ಕೆಲವು ಬಿಂಬಗಳು ಅದರ ಜೊತೆಗೆ, ಕೆಲವು ಅದಕ್ಕೆ ಎದುರಾಗಿ ಚಲಿಸುವುದರಿಂದ ಬಿಡಿಬಿಡಿಯಾಗಿ ಎಣಿಸುವುದು ಸುಲಭವಾಗುತ್ತದೆ.

ಟ್ರಿಪ್ಲೆಟ್ಟಿನಲ್ಲಿ ಆರು ಪ್ರಕಾಶಮಾನ ಬಿಂಬಗಳು ಕಾಣುತ್ತವೆ. ಟೆಸ್ಸಾರಿನಲ್ಲಿಯೂ ಆರೇ, ಆದರೆ ಅವುಗಳ ಜೊತೆಗೆ ಅಂಟಿಸಿದ ಮೈಯಿಂದ ಬರುವ ಏಳನೆಯ, ಬಹಳ ಮಸುಕಾದ ಬಿಂಬವೊಂದು ಇರುತ್ತದೆ. ಪ್ರತಿಫಲನ ತಗ್ಗಿಸುವ ಲೇಪನವಿರುವ ಲೆನ್ಸಾದರೆ ಗಾಳಿ ಸೋಕುವ ಮೈಗಳ ಬಿಂಬಗಳು ನೀಲಿ ಅಥವಾ ನೇರಳೆ ಛಾಯೆ ತಾಳಿದರೆ, ಅಂಟಿಸಿದ ಮೈಯ ಬಿಂಬಕ್ಕೆ ಆ ಬಣ್ಣ ಇರುವುದಿಲ್ಲ. ರೆಕ್ಟಿಲಿನಿಯರ್‌ನಲ್ಲಿ ನಾಲ್ಕು ಪ್ರಕಾಶಮಾನ, ಎರಡು ಮಸುಕು.

ಎಣಿಕೆ ಮುಗಿದ ಮೇಲೆ ಇನ್ನೊಂದು ಲೆನ್ಸಿನ ಮೇಲೂ ಟಾರ್ಚನ್ನು ಅದೇ ಕೋನದಲ್ಲಿ ಹಿಡಿದು ಹೋಲಿಸಿ. ಬಿಂಬಗಳ ಬಣ್ಣ, ಗಾತ್ರ, ಸಾಲು ಎರಡರಲ್ಲೂ ಒಂದೇ ಬಗೆಯಾಗಿರಬೇಕು. ಒಂದರಲ್ಲಿ ನೇರಳೆ, ಇನ್ನೊಂದರಲ್ಲಿ ಬಣ್ಣವೇ ಇಲ್ಲದ ಬಿಂಬ ಕಂಡರೆ, ಆ ಕ್ಯಾಮೆರಾಕ್ಕೆ ಯಾವಾಗಲೋ ಬೇರೊಂದು ಕ್ಯಾಮೆರಾದ ಮಸೂರ ಬಂದು ಸೇರಿದೆ ಎಂದು ಅನುಮಾನಿಸಬೇಕು. ಐದು ನಿಮಿಷದ ಈ ಕೆಲಸವನ್ನು ಹಣ ಕೊಡುವುದಕ್ಕೆ ಮುಂಚೆಯೇ ಮಾಡಿಕೊಳ್ಳಿ.

ಫೋಕಸ್ ಹೇಗೆ ಆಗುತ್ತದೆ ಎಂದು ತಿಳಿದುಕೊಳ್ಳಿ

ಮಸೂರಗಳ ಸಂಖ್ಯೆಯಷ್ಟೇ ಮುಖ್ಯವಾದದ್ದು ಫೋಕಸ್ ಮಾಡುವಾಗ ಯಾವುದು ಚಲಿಸುತ್ತದೆ ಎಂಬುದು. ರಿಯಲಿಸ್ಟ್‌ನಲ್ಲಿ ಲೆನ್ಸುಗಳು ಕದಲುವುದೇ ಇಲ್ಲ. ಫಿಲ್ಮು ಕೂರುವ ಚೌಕಟ್ಟೇ ಹಿಂದೆ ಮುಂದೆ ಸರಿಯುತ್ತದೆ. ಕಾರ್ಖಾನೆಯಲ್ಲಿ ಕೂರಿಸಿದ ಜೋಡಿಯ ಹೊಂದಿಕೆಯನ್ನು ಬಳಸುವವರ ಕೈ ಮುಟ್ಟದಂತೆ ನೋಡಿಕೊಂಡ ಈ ಏರ್ಪಾಡನ್ನು ನಾನು ಬಹಳ ಮೆಚ್ಚುತ್ತೇನೆ. ರೋಲೈಡೋಸ್ಕೋಪಿನಲ್ಲಿ ಎರಡು ಲೆನ್ಸುಗಳೂ ನಡುವಿನ ನೋಟದ ಲೆನ್ಸಿನೊಡನೆ ಒಂದೇ ಹಲಗೆಯ ಮೇಲೆ ಒಟ್ಟಾಗಿ ಮುಂದಕ್ಕೆ ಬರುತ್ತವೆ. ಅದೂ ಸುರಕ್ಷಿತವೇ.

ಸ್ಪುಟ್ನಿಕ್ ಮತ್ತು ಕೊಡಾಕ್ ಸ್ಟೀರಿಯೋದಂಥವುಗಳಲ್ಲಿ ಟ್ರಿಪ್ಲೆಟ್ಟಿನ ಮುಂದಿನ ಮಸೂರ ಮಾತ್ರ ತಿರುಗುತ್ತ ಮುಂದಕ್ಕೆ ಸರಿಯುತ್ತದೆ. ಹಲ್ಲುಚಕ್ರಗಳು ಎಡ ಬಲಗಳನ್ನು ಒಟ್ಟಿಗೆ ತಿರುಗಿಸುತ್ತವೆ. ಮುಂದಿನ ಪೀನ ಮಸೂರಕ್ಕೂ ನಡುವಿನ ನಿಮ್ನ ಮಸೂರಕ್ಕೂ ಇರುವ ತೆರಪು ಹೆಚ್ಚಾದಂತೆ ಇಡೀ ಲೆನ್ಸಿನ ಸಂಗಮ ದೂರವೇ ಕೊಂಚ ಕಡಿಮೆಯಾಗುತ್ತದೆ; ಹತ್ತಿರದ ವಸ್ತುವಿಗೆ ಫೋಕಸ್ ಆಗುವುದು ಹೀಗೆಯೇ. ಆದ್ದರಿಂದ ಚಕ್ರದ ಒಂದೆರಡು ಹಲ್ಲು ತಪ್ಪಿ ಕೂತರೂ, ಒಂದು ಕಣ್ಣಿನ ಚಿತ್ರ ಮಬ್ಬಾಗುವುದರ ಜೊತೆಗೆ ಅದರ ಗಾತ್ರವೂ ಬದಲಾಗುತ್ತದೆ. ಈ ಬಗೆಯ ಕ್ಯಾಮೆರಾ ನಿಮ್ಮಲ್ಲಿದ್ದರೆ ಮುಂದಿನ ಪರೀಕ್ಷೆಯನ್ನು ಖಂಡಿತ ಮಾಡಲೇಬೇಕು.

ಜೋಡಿ ಹೊಂದಿಕೆಯ ಪರೀಕ್ಷೆ

ಮೊದಲು ಫಿಲ್ಮಿಲ್ಲದೆ ಅನಂತ ದೂರದ ಫೋಕಸ್ ನೋಡಬೇಕು. ಕ್ಯಾಮೆರಾದ ಹಿಂಬಾಗಿಲು ತೆಗೆದು, ಫಿಲ್ಮು ಹಾಯುವ ಎರಡು ಹಳಿಗಳ ಮೇಲೆ ಟ್ರೇಸಿಂಗ್ ಪೇಪರನ್ನು ಬಿಗಿಯಾಗಿ ಎಳೆದು ಅಂಟಿಸಿ, ಒರಟು ಮೈ ಲೆನ್ಸಿನ ಕಡೆಗಿರಲಿ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೇಬಲ್ ರಿಲೀಸಿನಿಂದ ಶಟರ್ ತೆರೆದಿಟ್ಟು, ಕನಿಷ್ಠ 300 ಮೀಟರ್ ಆಚೆಗಿನ ಸ್ಪಷ್ಟ ಅಂಚುಳ್ಳ ವಸ್ತುವಿನತ್ತ ತಿರುಗಿಸಿ. ನಾನು ಅಂಜನಾದ್ರಿಯ ತುದಿಯನ್ನು ಬಳಸುತ್ತೇನೆ. ಬಳ್ಳಾರಿಯವರಿಗೆ ಕೋಟೆ ಗುಡ್ಡದ ಗೋಡೆಯಿದೆ, ರಾಯಚೂರಿನ ಶಕ್ತಿನಗರದ ಕಡೆಯವರಿಗೆ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳಿವೆ. ಬೆಳಿಗ್ಗೆ ಒಂಬತ್ತರೊಳಗೆ ಈ ಕೆಲಸ ಮುಗಿಸಿ. ಬಿಸಿಲೇರಿದ ಮೇಲೆ ನೆಲದಿಂದೇಳುವ ಬಿಸಿಗಾಳಿಯಲ್ಲಿ ದೂರದ ಅಂಚುಗಳು ನಡುಗುತ್ತವೆ, ಲೆನ್ಸಿನ ದೋಷ ಯಾವುದು, ಗಾಳಿಯ ದೋಷ ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ. ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು, ಬೂತಗನ್ನಡಿಯಿಂದ ಎಡ ಬಲ ಚಿತ್ರಗಳನ್ನು ನೋಡಿ. ಫೋಕಸ್ ಚಕ್ರ ಅನಂತದ ಗುರುತಿಗೆ ಬಂದಾಗ ಎರಡೂ ಒಟ್ಟಿಗೇ ಚೂಪಾಗಬೇಕು. ಒಂದು ಮೊದಲೂ ಇನ್ನೊಂದು ಆಮೇಲೂ ಚೂಪಾದರೆ ಹಲ್ಲುಚಕ್ರದ ಹೊಂದಿಕೆ ತಪ್ಪಿದೆ ಎಂದರ್ಥ.

ಎರಡನೆಯದು ಗಾತ್ರದ ಪರೀಕ್ಷೆ. ಇದಕ್ಕೆ ಫಿಲ್ಮು ಬೇಕೇ ಬೇಕು, ಏಕೆಂದರೆ ಇಲ್ಲಿ ಹುಡುಕುವ ವ್ಯತ್ಯಾಸ ಟ್ರೇಸಿಂಗ್ ಪೇಪರಿನ ಮೇಲೆ ಸ್ಕೇಲಿಟ್ಟು ಅಳೆಯುವಷ್ಟು ದೊಡ್ಡದಲ್ಲ. ಗೋಡೆಯ ಮೇಲೆ ಮೇಲಿನಿಂದ ಕೆಳಕ್ಕೆ ಸರಿಯಾಗಿ 1.5 ಮೀಟರ್ ಅಂತರದಲ್ಲಿ ಎರಡು ಕಪ್ಪು ಅಡ್ಡಗೆರೆಗಳನ್ನು ಟೇಪಿನಿಂದ ಅಂಟಿಸಿ. ಕ್ಯಾಮೆರಾವನ್ನು ಅದರೆದುರು 3 ಮೀಟರ್ ದೂರದಲ್ಲಿ, ಗೋಡೆಗೆ ನೇರವಾಗಿ, ರಸಮಟ್ಟ ಇಟ್ಟು ನಿಲ್ಲಿಸಿ, ಎಫ್ 8ರಲ್ಲಿ ಕೆಲವು ಚಿತ್ರ ತೆಗೆಯಿರಿ. ಅಂತರವನ್ನು ಅಡ್ಡಕ್ಕೆ ಅಳೆಯದೆ ಉದ್ದಕ್ಕೆ ಅಳೆಯಲು ಕಾರಣವಿದೆ. ಕ್ಯಾಮೆರಾ ಸ್ವಲ್ಪ ಓರೆಯಾಗಿದ್ದರೆ ಅಡ್ಡ ಅಳತೆ ಬೇಗ ಕೆಡುತ್ತದೆ. ಉದ್ದದ ಅಳತೆಗೆ ಆ ತೊಂದರೆ ಬಹಳ ಕಡಿಮೆ.

35 ಮಿ.ಮೀ. ಲೆನ್ಸಿನಲ್ಲಿ ಆ 1.5 ಮೀಟರ್ ಅಂತರ ಫಿಲ್ಮಿನ ಮೇಲೆ ಸುಮಾರು 17.7 ಮಿ.ಮೀ. ಆಗುತ್ತದೆ. ಜೋಡಿಯ ಇನ್ನೊಂದು ಲೆನ್ಸಿನ ಸಂಗಮ ದೂರ ನೂರಕ್ಕೆ ಒಂದರಷ್ಟು ಹೆಚ್ಚಿದ್ದರೆ, ಅಂದರೆ 35.35 ಮಿ.ಮೀ. ಇದ್ದರೆ, ಅದೇ ಅಂತರ 17.9 ಮಿ.ಮೀ.ಗೆ ಸಮೀಪಿಸುತ್ತದೆ. ವ್ಯತ್ಯಾಸ 0.18 ಮಿ.ಮೀ. ಇಷ್ಟು ಸಣ್ಣದನ್ನು ಕಾಣಲು ಎರಡು ದಾರಿಗಳಿವೆ. ಒಂದು, ಎರಡು ಚಿತ್ರಗಳನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಒಂದರ ಮೇಲೊಂದಿಟ್ಟು ಕೆಳಗೆರೆಯನ್ನು ಕೂಡಿಸಿ, ಮೇಲ್ಗೆರೆ ಕೂಡುತ್ತದೆಯೇ ಎಂದು ಬೂತಗನ್ನಡಿಯಲ್ಲಿ ನೋಡುವುದು. ಇನ್ನೊಂದು, ಎರಡನ್ನೂ ಒಟ್ಟಿಗೆ ಒಂದೇ ದಿಕ್ಕಿನಲ್ಲಿಟ್ಟು 2400 ಡಿಪಿಐನಲ್ಲಿ ಸ್ಕ್ಯಾನ್ ಮಾಡುವುದು. ಆಗ ಆ 0.18 ಮಿ.ಮೀ. ಸುಮಾರು 17 ಪಿಕ್ಸೆಲ್ ಆಗಿ ಎದ್ದು ಕಾಣುತ್ತದೆ. ನೂರಕ್ಕೆ ಅರ್ಧದೊಳಗಿನ, ಅಂದರೆ ಎಂಟೊಂಬತ್ತು ಪಿಕ್ಸೆಲ್‌ಗಳೊಳಗಿನ ವ್ಯತ್ಯಾಸವನ್ನು ನಾನು ಒಪ್ಪಿಕೊಳ್ಳುತ್ತೇನೆ. ನೂರಕ್ಕೆ ಒಂದನ್ನು ಮುಟ್ಟಿದರೆ ಆ ಜೋಡಿಯನ್ನು ಸರಿಪಡಿಸದೆ ಬಳಸುವುದಿಲ್ಲ.

ರಿಯಲಿಸ್ಟ್ ಮಾದರಿಯ ಕ್ಯಾಮೆರಾಗಳಲ್ಲಿ ಒಂದು ಜೋಡಿಯ ಎಡ ಬಲ ಚಿತ್ರಗಳು ಫಿಲ್ಮಿನ ಮೇಲೆ ಅಕ್ಕಪಕ್ಕ ಬೀಳುವುದಿಲ್ಲ. ನಡುವೆ ಬೇರೆ ಜೋಡಿಗಳ ಎರಡು ಚಿತ್ರಗಳು ಬಂದು ಕೂರುತ್ತವೆ. ಆದ್ದರಿಂದ ಫಿಲ್ಮು ತೊಳೆದ ಮೇಲೆ ಅವಸರದಿಂದ ಕತ್ತರಿಸದೆ, ಜೋಡಿಗಳನ್ನು ಗುರುತಿಸಿಕೊಂಡೇ ಕತ್ತರಿ ಹಾಕಬೇಕು.

ಮೂರನೆಯದು ಎತ್ತರದ ಪರೀಕ್ಷೆ. ಇದಕ್ಕೆ ಅದೇ ಚಿತ್ರಗಳು ಸಾಕು. ಕೆಳಗೆರೆಯಿಂದ ಫಿಲ್ಮಿನ ರಂಧ್ರಸಾಲಿನವರೆಗಿನ ದೂರ ಎಡದಲ್ಲೂ ಬಲದಲ್ಲೂ ಒಂದೇ ಇರಬೇಕು. ಬೇರೆಯಿದ್ದರೆ ಒಂದು ಲೆನ್ಸು ಕುಳಿತ ಜಾಗದಿಂದ ಸರಿದಿದೆ. ಅಲ್ಪ ವ್ಯತ್ಯಾಸವನ್ನು ಸ್ಲೈಡು ಕೂರಿಸುವಾಗ, ಅಂದರೆ ಕತ್ತರಿಸಿದ ಜೋಡಿ ಚಿತ್ರಗಳನ್ನು ನೋಡುವ ಚೌಕಟ್ಟಿಗೆ ಹಾಕುವಾಗ, ತಿದ್ದಬಹುದು. ಗಾತ್ರದ ವ್ಯತ್ಯಾಸವನ್ನು ಮಾತ್ರ ಸ್ಲೈಡು ಕೂರಿಸುವಾಗ ತಿದ್ದಲಾಗದು.

ಒಂದು ಸಲ ನನ್ನ ಬಳಿ ಬಂದ ಕ್ಯಾಮೆರಾವೊಂದರಲ್ಲಿ ಎರಡು ಲೆನ್ಸುಗಳೂ ಚೂಪಾಗಿದ್ದವು, ಟಾರ್ಚಿನ ಪರೀಕ್ಷೆಯಲ್ಲೂ ದೋಷ ಕಾಣಲಿಲ್ಲ, ಆದರೂ ಚಿತ್ರ ನೋಡಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಗೋಡೆಯ ಗೆರೆಗಳ ಪರೀಕ್ಷೆಯಲ್ಲಿ ಮೇಲ್ಗೆರೆಗಳು ಕೂಡಲೇ ಇಲ್ಲ. ಹಿಂದೆ ಯಾರೋ ರಿಪೇರಿ ಮಾಡುವಾಗ ಎರಡು ಲೆನ್ಸುಗಳನ್ನೂ ಒಟ್ಟಿಗೆ ಬಿಚ್ಚಿ, ಮುಂದಿನ ಮಸೂರಗಳನ್ನು ಅದಲುಬದಲಾಗಿ ಕೂರಿಸಿದ್ದರು. ಅವುಗಳನ್ನು ಮತ್ತೆ ಬದಲಿಸಿ, ಫೋಕಸನ್ನು ಹೊಸದಾಗಿ ಹೊಂದಿಸಿದ ಮೇಲೆ ಗೆರೆಗಳು ಕೂಡಿಕೊಂಡವು. ಎರಡು ದಿನದ ಆ ಕೆಲಸ ನನಗೆ ಕಲಿಸಿದ್ದು ಮುಂದಿನ ಭಾಗದಲ್ಲಿದೆ.

ಬಿಚ್ಚುವಾಗ, ಒರೆಸುವಾಗ

ಒಂದು ಲೆನ್ಸನ್ನು ಬಿಚ್ಚಿ, ಒರೆಸಿ, ಮತ್ತೆ ಕೂರಿಸಿ ಮುಗಿಸುವವರೆಗೆ ಇನ್ನೊಂದನ್ನು ಮುಟ್ಟಬೇಡಿ. ಎಡದ್ದಕ್ಕೊಂದು ಬಲದ್ದಕ್ಕೊಂದು ತಟ್ಟೆ ಇಟ್ಟು ಹೆಸರು ಬರೆದಿಡಿ. ಮುಂದಿನ ಮಸೂರವನ್ನು ತಿರುಗಿಸುವ ಮೊದಲು ಫೋಕಸನ್ನು ಅನಂತಕ್ಕೆ ತಂದು, ಅಂಚಿನ ಉಂಗುರಕ್ಕೂ ಒಳಗಿನ ಕೊಳವೆಗೂ ಕೂಡುವಂತೆ ಸೂಜಿಯಿಂದ ಸಣ್ಣ ಗೆರೆ ಎಳೆಯಿರಿ; ತಿರುಪು ಬಿಟ್ಟುಕೊಳ್ಳುವ ಜಾಗದಲ್ಲೂ ಇನ್ನೊಂದು ಗುರುತು ಮಾಡಿ, ಎಷ್ಟು ಸುತ್ತಾಯಿತು ಎಂದು ಬರೆದುಕೊಳ್ಳಿ. ಈ ತಿರುಪುಗಳಿಗೆ ಒಳಹೋಗುವ ಬಾಯಿ ಒಂದಕ್ಕಿಂತ ಹೆಚ್ಚು ಇರಬಹುದು, ತಪ್ಪು ಬಾಯಿಯಿಂದ ಹೊಕ್ಕರೆ ಅನಂತದ ಜಾಗ ಎಂದಿಗೂ ಸಿಗುವುದಿಲ್ಲ. ಟ್ರಿಪ್ಲೆಟ್ಟಿನ ನಡುವಿನ ನಿಮ್ನ ಮಸೂರವನ್ನು ಮಾತ್ರ, ಒಳಗೆ ಬೂಷ್ಟು ಹಿಡಿದಿಲ್ಲವಾದರೆ, ಕದಲಿಸಬೇಡಿ. ಇಡೀ ವಿನ್ಯಾಸದಲ್ಲಿ ಅತಿ ಸೂಕ್ಷ್ಮವಾದದ್ದು ಅದೇ. ಅದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಚಿತ್ರದ ಒಂದು ಬದಿ ಮಸುಕಾಗುತ್ತದೆ.

ಬಳ್ಳಾರಿ, ಸಂಡೂರು, ಗಿಣಿಗೇರಿ ಕಡೆಯವರು ಧೂಳಿನ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಕಬ್ಬಿಣದ ಅದಿರಿನ ನುಣ್ಣನೆಯ ಕೆಂಪು ಧೂಳು ಹೆಚ್ಚು ಕಡಿಮೆ ಗಾಜಿನಷ್ಟೇ ಗಟ್ಟಿಯಾದದ್ದು, ಹಳೆಯ ಲೇಪನಗಳಿಗಿಂತಲೂ ಗಟ್ಟಿಯಾದದ್ದು. ಒಣ ಬಟ್ಟೆಯಿಂದ ಒಮ್ಮೆ ತಿಕ್ಕಿದರೆ ಸಾಕು, ಗೀರುಗಳು ಶಾಶ್ವತವಾಗಿ ಉಳಿಯುತ್ತವೆ. ಲೆನ್ಸಿನ ಮುಖವನ್ನು ಕೆಳಗೆ ಮಾಡಿ ಹಿಡಿದು, ರಬ್ಬರ್ ಬ್ಲೋವರಿನಿಂದ ಊದಿ, ಮೆತ್ತನೆಯ ಕುಂಚದಿಂದ ಕೊಡವಿದ ಮೇಲೆಯೇ ಲೆನ್ಸ್ ಟಿಶ್ಯೂವಿಗೆ ಒಂದೆರಡು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ನಡುವಿನಿಂದ ಅಂಚಿಗೆ ಒರೆಸಿ. ಹನಿಯನ್ನು ನೇರವಾಗಿ ಗಾಜಿನ ಮೇಲೆ ಬಿಡಬೇಡಿ, ಅಂಚಿನಿಂದ ಒಳಗಿಳಿಯುತ್ತದೆ.

ನಮ್ಮ ಬೇಸಿಗೆಯಲ್ಲಿ ಟ್ರಿಪ್ಲೆಟ್ಟಿಗೆ ಇರುವ ಒಂದು ಮೇಲುಗೈಯನ್ನು ಇಲ್ಲಿ ಹೇಳಲೇಬೇಕು. ಹಳೆಯ ಟೆಸ್ಸಾರುಗಳ ಹಿಂದಿನ ಜೋಡಿ ಮಸೂರಗಳನ್ನು ಕೆನಡಾ ಬಾಲ್ಸಮ್ ಎಂಬ ಮರದ ಅಂಟಿನಿಂದ ಕೂಡಿಸುತ್ತಿದ್ದರು. ಬಿಸಿಗೆ ಅದು ಮೆದುವಾಗುತ್ತದೆ. ಕಾಲಾಂತರದಲ್ಲಿ ಹಳದಿಯಾಗಿ, ಅಂಚಿನಿಂದ ಬಿಟ್ಟುಕೊಂಡು, ಕಾಮನಬಿಲ್ಲಿನ ಬಣ್ಣದ ಕಲೆಗಳನ್ನು ತೋರಿಸುತ್ತದೆ. ಹೊರಗೆ 40 ಡಿಗ್ರಿ ದಾಟುವ ಏಪ್ರಿಲ್ ಮೇ ತಿಂಗಳಲ್ಲಿ ನಿಲ್ಲಿಸಿದ ಕಾರಿನೊಳಗೆ ಕ್ಯಾಮೆರಾ ಬಿಟ್ಟರೆ ಈ ಹಾನಿ ಬೇಗ ಆಗುತ್ತದೆ. ಅಂಟೇ ಇಲ್ಲದ ಟ್ರಿಪ್ಲೆಟ್ಟಿಗೆ ಈ ಭಯವಿಲ್ಲ. ಆದರೆ ಫೋಕಸ್ ತಿರುಪಿನ ಗ್ರೀಸು ಕರಗಿ, ಆವಿಯಾಗಿ, ಒಳಗಿನ ಗಾಜಿನ ಮೇಲೆ ಮಬ್ಬಾಗಿ ಕೂರುವುದು ಎರಡಕ್ಕೂ ಸಮಾನ. ಇನ್ನು ಗಂಗಾವತಿ, ಸಿಂಧನೂರಿನಂಥ ಭತ್ತದ ಸೀಮೆಯಲ್ಲಿ ಮಳೆಗಾಲದ ತೇವಕ್ಕೆ ಬೂಷ್ಟು ಬರುತ್ತದೆ. ಚರ್ಮದ ಚೀಲದಲ್ಲಿ ಮುಚ್ಚಿಡದೆ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಒಂದೇ ಲೆನ್ಸಿಗೆ ಮಬ್ಬು ಕವಿದರೂ ಎಡ ಬಲಗಳ ಹೊಳಪು ಬೇರೆಯಾಗಿ, ಜೋಡಿ ಕೆಟ್ಟಂತೆಯೇ ಆಗುತ್ತದೆ.

ಬಯಲಿನಲ್ಲಿ ಬಳಸುವಾಗ

ಟ್ರಿಪ್ಲೆಟ್ಟನ್ನು ಪೂರ್ತಿ ತೆರೆದಾಗ ಅಂಚುಗಳು ಮೆದುವಾಗಿರುತ್ತವೆ, ಟೆಸ್ಸಾರ್ ಅಲ್ಲಿ ಮುಂದಿದೆ. ಎಫ್ 8ರಿಂದಾಚೆಗೆ ಆ ವ್ಯತ್ಯಾಸ ಬಹುಪಾಲು ಕರಗುತ್ತದೆ. ಸ್ಟೀರಿಯೋ ಚಿತ್ರದಲ್ಲಿ ಹತ್ತಿರದಿಂದ ದೂರದವರೆಗೆ ಎಲ್ಲವೂ ಚೂಪಾಗಿರಬೇಕಾದ್ದರಿಂದ ನಾವು ಬಳಸುವುದೂ ಆ ಸಣ್ಣ ಅಪರ್ಚರುಗಳನ್ನೇ. ತಯಾರಕರು ಅಗ್ಗದ ಟ್ರಿಪ್ಲೆಟ್ಟನ್ನೇ ಆರಿಸಿಕೊಂಡದ್ದು ಇದರಿಂದ ಸರಿಯೆನಿಸುತ್ತದೆ. 35 ಮಿ.ಮೀ. ಲೆನ್ಸನ್ನು ಎಫ್ 16ಕ್ಕೆ ಇಳಿಸಿ ಫೋಕಸನ್ನು 3 ಮೀಟರಿಗೆ ಇಟ್ಟರೆ, ಒಂದೂವರೆ ಮೀಟರಿನಿಂದ ಅನಂತದವರೆಗೆ ಸಾಕಷ್ಟು ಚೂಪು ಸಿಗುತ್ತದೆ. 25 ಮಿ.ಮೀ. ಲೆನ್ಸಿನ ವ್ಯೂಮಾಸ್ಟರ್ ಪರ್ಸನಲ್ ಕ್ಯಾಮೆರಾದಲ್ಲಿ ಅಷ್ಟೇ ಆಳ ಎಫ್ 8ರಲ್ಲೇ ದೊರಕುವುದರಿಂದ, ಅದಕ್ಕೆ ಫೋಕಸ್ ಚಕ್ರವನ್ನೇ ಇಟ್ಟಿಲ್ಲ.

ಹಾಗೆಂದು ಒಂದೂವರೆ ಮೀಟರಿನಲ್ಲಿ ವಸ್ತು ಇಡುವುದು ನೋಟಕ್ಕೆ ಹಿತವಲ್ಲ. ಲೆನ್ಸುಗಳ ನಡುವಣ ಅಂತರದ ಮೂವತ್ತರಷ್ಟು ದೂರವನ್ನು ಹತ್ತಿರದ ಮಿತಿಯಾಗಿ ಇಟ್ಟುಕೊಳ್ಳುವುದು ರೂಢಿ, 70 ಮಿ.ಮೀ. ಅಂತರದ ರಿಯಲಿಸ್ಟ್‌ಗೆ ಅದು 2.1 ಮೀಟರ್. ಇದೇ ಕ್ಯಾಮೆರಾದಲ್ಲಿ ಫಿಲ್ಮಿನ ಎರಡು ಚೌಕಟ್ಟುಗಳ ನಡುವಣ ಅಂತರವನ್ನು ಲೆನ್ಸುಗಳ ಅಂತರಕ್ಕಿಂತ ಒಂದು ಮಿ.ಮೀ. ಚಿಲ್ಲರೆ ಹೆಚ್ಚಾಗಿ ಇಟ್ಟಿದ್ದಾರೆ. ಅದರ ಫಲವಾಗಿ ಚಿತ್ರದ ಅಂಚು ಸುಮಾರು 2 ಮೀಟರ್ ದೂರದ ಕಿಟಕಿಯಂತೆ ಕಾಣುತ್ತದೆ, ಅದರಾಚೆಗಿನದೆಲ್ಲ ಕಿಟಕಿಯ ಹೊರಗಿನ ನೋಟವಾಗುತ್ತದೆ. ಎರಡು ಲೆಕ್ಕಗಳೂ ಒಂದೇ ಜಾಗದಲ್ಲಿ ಬಂದು ನಿಲ್ಲುವುದನ್ನು ಗಮನಿಸಿ.

ನಮ್ಮ ನಡುಹಗಲಿನ ಬಿಳಿಬಿಸಿಲು ಲೇಪನವಿಲ್ಲದ ಲೆನ್ಸಿಗೆ ಕಠಿಣ ಪರೀಕ್ಷೆ. ಟ್ರಿಪ್ಲೆಟ್ಟಿನ ಆರು ಮೈಗಳಲ್ಲಿ ಒಂದೊಂದೂ ನೂರಕ್ಕೆ ನಾಲ್ಕೈದರಷ್ಟು ಬೆಳಕನ್ನು ಹಿಂದಿರುಗಿಸುವುದರಿಂದ ಒಟ್ಟು ಕಾಲುಭಾಗದಷ್ಟು ಬೆಳಕು ದಾರಿ ತಪ್ಪುತ್ತದೆ, ಅದರಲ್ಲಿ ಒಂದಷ್ಟು ಫಿಲ್ಮಿನ ಮೇಲೆ ಮಸುಕಾಗಿ ಹರಡುತ್ತದೆ. ಕಪ್ಪು ಕಾರ್ಡಿನಿಂದ ಎರಡು ಲೆನ್ಸಿಗೂ ಒಂದೇ ಅಳತೆಯ ನೆರಳುಗೊಳವೆ ಮಾಡಿ ತೊಡಿಸಿ. ಒಂದಕ್ಕೆ ಉದ್ದ ಇನ್ನೊಂದಕ್ಕೆ ಗಿಡ್ಡವಾದರೆ ಎಡ ಬಲಗಳ ಕಪ್ಪು ಬೇರೆ ಬೇರೆಯಾಗುತ್ತದೆ. ಸ್ಪುಟ್ನಿಕ್ ಬಳಸುವವರು ಅದರ ಒಳಗೋಡೆಯ ಹೊಳಪಿಗೂ ಮದ್ದು ಮಾಡಬೇಕು: ಮಖಮಲ್ಲಿನಂಥ ಕಪ್ಪು ಹಾಳೆಯನ್ನು ಒಳಗೆ ಅಂಟಿಸಿದರೆ ಆ ಟಿ-22 ಲೆನ್ಸು ಬೇರೆಯದೇ ಎನ್ನುವಷ್ಟು ತಿಳಿಯಾದ ಚಿತ್ರ ಕೊಡುತ್ತದೆ.

ಮೊದಲ ಸುರುಳಿಗೆ ಆನೆಗೊಂದಿಯ ಬಂಡೆಗಳಿಗಿಂತ ಒಳ್ಳೆಯ ವಸ್ತು ನನಗೆ ತಿಳಿದಿಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ ಎರಡೂವರೆ ಮೀಟರಿಗೆ ಒಂದು ಬಂಡೆ, ಹತ್ತು ಮೀಟರಿಗೆ ಇನ್ನೊಂದು, ಹಿಂದೆ ಭತ್ತದ ಗದ್ದೆ, ಅದರಾಚೆ ಗುಡ್ಡ ಬರುವಂತೆ ನಿಂತು, ಕ್ಯಾಮೆರಾದ ರಸಮಟ್ಟ ನೋಡಿಕೊಂಡು, 100 ಐಎಸ್‌ಒ ಫಿಲ್ಮಿಗೆ ಎಫ್ 16, ಸೆಕೆಂಡಿನ ನೂರನೆಯ ಒಂದು ಭಾಗ ಇಟ್ಟು ತೆಗೆಯಿರಿ. ಫಿಲ್ಮು ತೊಳೆದು ಒಣಗಿದ ಕೂಡಲೇ ಹತ್ತಿರದ ಬಂಡೆಯ ಮೇಲಿನ ಒಂದು ಬಿರುಕನ್ನು ಎಡ ಚಿತ್ರದಲ್ಲೂ ಬಲ ಚಿತ್ರದಲ್ಲೂ ಹುಡುಕಿ, ಅದರ ಎತ್ತರ ಮತ್ತು ಉದ್ದ ಎರಡರಲ್ಲೂ ಒಂದೇ ಇದೆಯೇ ಎಂದು ಅಳೆದು ನೋಡಿ.